ಸೆಬಾಸ್ಟಿಯನ್ ಸೇಂಟ್ ಸಿರ್ ಸರಣಿ: ಇಪ್ಪತ್ತು ಕೊಲೆಗಳ ಒಂದೇ ಕಾದಂಬರಿ

ಪತ್ತೇದಾರಿ ಸರಣಿಯಲ್ಲಿ ಯಾವ ಪುಸ್ತಕ ಕೈಗೆ ಸಿಕ್ಕರೂ ಅಲ್ಲಿಂದಲೇ ಓದಲು ಶುರು ಮಾಡುವುದು ನಮ್ಮಲ್ಲಿ ಹಳೆಯ ರೂಢಿ. ಲೈಬ್ರರಿಯಲ್ಲಿ ಮೂರನೆಯದಿದ್ದರೆ ಮೂರನೆಯದು, ಹನ್ನೊಂದನೆಯದಿದ್ದರೆ ಅದೇ ಸರಿ. ಸಿ. ಎಸ್. ಹ್ಯಾರಿಸ್ ಬರೆದ ಸೆಬಾಸ್ಟಿಯನ್ ಸೇಂಟ್ ಸಿರ್ ಸರಣಿಯನ್ನು ಹಾಗೆ ಓದಿದರೆ ಅರ್ಧ ದುಡ್ಡು ದಂಡ. 2005ರಿಂದ 2025ರವರೆಗೆ ಇದರಲ್ಲಿ ಇಪ್ಪತ್ತು ಪುಸ್ತಕ ಬಂದಿವೆ. ಕಥೆಯೊಳಗಿನ ಕಾಲ 1811ರ ಜನವರಿಯಿಂದ 1816ರ ಆಗಸ್ಟ್‌ವರೆಗೆ, ಸ್ಥಳ ಬಹುಮಟ್ಟಿಗೆ ಲಂಡನ್. ಪ್ರತಿ ಪುಸ್ತಕದ ಕೊಲೆ ಅದೇ ಪುಸ್ತಕದಲ್ಲಿ ಬಗೆಹರಿಯುತ್ತದೆ, ಅದರಲ್ಲಿ ಮೋಸವಿಲ್ಲ. ಆದರೆ ನಾಯಕನ ಹುಟ್ಟು, ಅವನ ತಾಯಿಗೆ ಏನಾಯಿತು, ತಂದೆಯೊಂದಿಗಿನ ಮುನಿಸು, ಮದುವೆ, ಇವೆಲ್ಲ ಪುಸ್ತಕದಿಂದ ಪುಸ್ತಕಕ್ಕೆ ಹರಿಯುವ ಸಂಗತಿಗಳು. ಸರಣಿಯ ನಿಜವಾದ ಎಳೆ ಅದೇ. ಕೊಲೆಗಳು ಅದರ ಮೇಲೆ ಕೂತಿವೆ.

ಹ್ಯಾರಿಸ್ ಎಂಬುದು ಕಾವ್ಯನಾಮ. ಹಿಂದಿರುವವರು ಕ್ಯಾಂಡಿಸ್ ಪ್ರಾಕ್ಟರ್, ಯುರೋಪಿನ ಇತಿಹಾಸದಲ್ಲಿ ಡಾಕ್ಟರೇಟ್ ಮಾಡಿದವರು. ಇದು ಪುಟಪುಟದಲ್ಲೂ ಕಾಣುತ್ತದೆ, ಹೆಚ್ಚಿನ ಸಲ ಒಳ್ಳೆಯ ರೀತಿಯಲ್ಲಿ.

ನಾಯಕ ಸೆಬಾಸ್ಟಿಯನ್, ವೈಕೌಂಟ್ ಡೆವ್ಲಿನ್. ಹೆಂಡನ್ ಅರ್ಲ್ ಮನೆತನದ ಉಳಿದಿರುವ ಒಬ್ಬನೇ ವಾರಸುದಾರ. ವೈಕೌಂಟ್, ಅರ್ಲ್ ಎರಡೂ ಇಂಗ್ಲೆಂಡಿನ ಕುಲೀನರ ಬಿರುದುಗಳು, ಅರ್ಲ್ ಮೇಲಿನದು. ನೆಪೋಲಿಯನ್ ವಿರುದ್ಧದ ಯುದ್ಧದಿಂದ ಮೈಯೊಳಗೂ ಮನಸ್ಸಿನೊಳಗೂ ಗಾಯ ಹೊತ್ತು ಹಿಂದಿರುಗಿದವನು. ಇಲ್ಲಿ ಒಂದು ಕಾನೂನಿನ ಸೂಕ್ಷ್ಮ ತಿಳಿದಿರಬೇಕು, ಇಲ್ಲದಿದ್ದರೆ ಮೊದಲ ಪುಸ್ತಕದ ಆತಂಕವೇ ಹತ್ತುವುದಿಲ್ಲ. ವೈಕೌಂಟ್ ಎನ್ನುವುದು ಅವನಿಗೆ ಮರ್ಯಾದೆಗೆ ಅಂಟಿಕೊಂಡ ಬಿರುದು ಮಾತ್ರ. ಅರ್ಲ್ ಬದುಕಿರುವವರೆಗೆ ಹಿರಿಮಗನನ್ನು ತಂದೆಯ ಕಿರಿಯ ಬಿರುದಿನಿಂದ ಕರೆಯುತ್ತಾರೆ, ಕಾನೂನಿನ ಕಣ್ಣಿಗೆ ಅವನು ಸಾಮಾನ್ಯ ಪ್ರಜೆ. ಆಗಿನ ಇಂಗ್ಲೆಂಡಿನಲ್ಲಿ ನಿಜವಾದ ಪೀರ್, ಅಂದರೆ ಬಿರುದು ಸ್ವಂತಕ್ಕೇ ಇರುವ ಕುಲೀನ, ಒಬ್ಬನ ಮೇಲೆ ಕೊಲೆ ಆರೋಪ ಬಂದರೆ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಅವನ ಸಮಾನರ ಮುಂದೆ ವಿಚಾರಣೆ ನಡೆಯುತ್ತಿತ್ತು. ಸೆಬಾಸ್ಟಿಯನ್‌ಗೆ ಆ ರಕ್ಷಣೆ ಇಲ್ಲ. ಅರಮನೆಯಂಥ ಮನೆಯಲ್ಲಿ ಬೆಳೆದವನಿಗೂ ನೇಣುಗಂಬ ನಿಜವಾದ ಭಯ.

ಮೊದಲ ಪುಸ್ತಕ ‘ವಾಟ್ ಏಂಜಲ್ಸ್ ಫಿಯರ್’ ಶುರುವಾಗುವುದೇ ಇಲ್ಲಿಂದ. ರೇಚಲ್ ಯಾರ್ಕ್ ಎಂಬ ನಟಿ ವೆಸ್ಟ್‌ಮಿನ್‌ಸ್ಟರ್‌ನ ಚರ್ಚೊಂದರಲ್ಲಿ ಬರ್ಬರವಾಗಿ ಕೊಲೆಯಾಗುತ್ತಾಳೆ, ಶವದ ಬಳಿ ಸೆಬಾಸ್ಟಿಯನ್‌ನ ಪಿಸ್ತೂಲು ಸಿಗುತ್ತದೆ. ಬಂಧಿಸಲು ಬಂದ ಕಡೆ ಕಾನ್‌ಸ್ಟೇಬಲ್ ಒಬ್ಬನಿಗೆ ಚಾಕು ಬೀಳುತ್ತದೆ. ಅಲ್ಲಿಂದ ಪುಸ್ತಕವಿಡೀ ಅವನು ಓಡುತ್ತಲೇ ತನಿಖೆ ಮಾಡಬೇಕು. ಶ್ರೀಮಂತ ಪತ್ತೇದಾರರ ಕಥೆಗಳಲ್ಲಿ ಸಾಮಾನ್ಯವಾಗಿ ನಾಯಕನಿಗೆ ಹೊತ್ತು ಹೋಗದೆ ಬೇಸರವಾಗಿ ಕೊಲೆ ಹುಡುಕುವ ಚಟ ಹತ್ತುತ್ತದೆ. ಇಲ್ಲಿ ಮೊದಲ ಕೇಸು ಅವನ ಕುತ್ತಿಗೆಯದೇ. ಎರಡನೆಯ ಪುಸ್ತಕದಿಂದ ಅವನು ಯಾಕೆ ಇನ್ನೊಬ್ಬರ ಕೊಲೆಗೆ ತಲೆ ಹಾಕುತ್ತಾನೆ ಎಂಬ ಪ್ರಶ್ನೆಗೆ ಇದಕ್ಕಿಂತ ಗಟ್ಟಿ ಉತ್ತರ ಬೇಕಿಲ್ಲ.

ಅಂದಹಾಗೆ, ಶ್ರೀಮಂತನೇ ಯಾಕೆ ಪತ್ತೇದಾರನಾಗಬೇಕು? ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸ್ ಹುಟ್ಟಿದ್ದು 1829ರಲ್ಲಿ. ಅದಕ್ಕೆ ಮುಂಚೆ ಬೋ ಸ್ಟ್ರೀಟ್ ಕಚೇರಿ ಇತ್ತು, 1792ರ ಕಾಯ್ದೆಯಿಂದ ಹುಟ್ಟಿದ ಏಳು ಪೊಲೀಸ್ ಕಚೇರಿಗಳಿದ್ದವು, ಪ್ರತಿಯೊಂದಕ್ಕೆ ಮೂವರು ಮ್ಯಾಜಿಸ್ಟ್ರೇಟರು, ಕೈಬೆರಳೆಣಿಕೆಯ ಕಾನ್‌ಸ್ಟೇಬಲ್‌ಗಳು. ಡ್ಯೂಕ್ ಒಬ್ಬನ ಮನೆ ಬಾಗಿಲು ತಟ್ಟಿ ‘ನಿನ್ನೆ ರಾತ್ರಿ ಎಲ್ಲಿದ್ದಿರಿ’ ಎಂದು ಕೇಳುವ ಧೈರ್ಯ ಆ ಮ್ಯಾಜಿಸ್ಟ್ರೇಟರಿಗೆ ಎಲ್ಲಿಂದ ಬರಬೇಕು? ಸರಣಿಯ ಮ್ಯಾಜಿಸ್ಟ್ರೇಟ್ ಸರ್ ಹೆನ್ರಿ ಲವ್‌ಜಾಯ್ ಪ್ರಾಮಾಣಿಕ, ಚುರುಕು, ಗಿಡ್ಡ ದೇಹದ ದೈವಭಕ್ತ. ಮೊದಲು ಕ್ವೀನ್ ಸ್ಕ್ವೇರ್ ಕಚೇರಿಯಲ್ಲಿ, ಆಮೇಲೆ ಬೋ ಸ್ಟ್ರೀಟ್‌ನಲ್ಲಿ. ಅವನಿಗೆ ಹೋಗಲಾಗದ ಕ್ಲಬ್ಬಿಗೆ, ನಾಟಕಶಾಲೆಯ ಬಾಕ್ಸಿಗೆ, ಅರಮನೆಯ ಕೋಣೆಗೆ ಸೆಬಾಸ್ಟಿಯನ್ ಹೋಗುತ್ತಾನೆ. ಸೆಬಾಸ್ಟಿಯನ್‌ಗಿಲ್ಲದ ವಾರಂಟ್ ಲವ್‌ಜಾಯ್ ತರುತ್ತಾನೆ. ಈ ಕೊಡುಕೊಳ್ಳುವಿಕೆಯನ್ನು ಹ್ಯಾರಿಸ್ ಇಪ್ಪತ್ತು ಪುಸ್ತಕದಲ್ಲೂ ಬಿಟ್ಟುಕೊಟ್ಟಿಲ್ಲ. ಅಂತಸ್ತು ಇಲ್ಲಿ ಅಲಂಕಾರವಲ್ಲ, ತನಿಖೆಯ ಉಪಕರಣ.

ಇವರಿಬ್ಬರ ಜೊತೆಗೆ ಮೂರನೆಯವನು ಪಾಲ್ ಗಿಬ್ಸನ್. ಫ್ರೆಂಚರ ಫಿರಂಗಿ ಗುಂಡಿಗೆ ಒಂದು ಕಾಲು ಕಳೆದುಕೊಂಡ ಐರಿಶ್ ಸರ್ಜನ್. ಟವರ್ ಹಿಲ್ ಬಳಿಯ ತನ್ನ ಮನೆಯ ಹಿಂದಿನ ಕಲ್ಲಿನ ಕೊಟ್ಟಿಗೆಯಲ್ಲಿ ಶವಪರೀಕ್ಷೆ ಮಾಡುತ್ತಾನೆ, ನೋವಿಗೆ ಹಿಡಿದ ಅಫೀಮು ಅವನನ್ನು ಹಿಡಿದುಕೊಂಡಿದೆ. ಅಂಗರಚನೆ ಕಲಿಯಲು ಶವ ಬೇಕು, ಆದರೆ 1832ರ ಕಾಯ್ದೆ ಬರುವವರೆಗೆ ಕಾನೂನುಬದ್ಧವಾಗಿ ಸಿಗುತ್ತಿದ್ದದ್ದು ನೇಣು ಹಾಕಿದ ಕೊಲೆಗಾರರ ಶವ ಮಾತ್ರ. ಉಳಿದದ್ದಕ್ಕೆ ರಾತ್ರಿ ಸ್ಮಶಾನ ಅಗೆಯುವವರ ಹತ್ತಿರ ಹೋಗಬೇಕಿತ್ತು. ಗಿಬ್ಸನ್ ಹೋಗುತ್ತಾನೆ. ಆರನೆಯ ಪುಸ್ತಕ ‘ವೇರ್ ಶ್ಯಾಡೋಸ್ ಡಾನ್ಸ್’ ನಿಂತಿರುವುದೇ ಈ ಇಕ್ಕಟ್ಟಿನ ಮೇಲೆ: ಹೃದಯ ನಿಂತು ಸತ್ತ ಎಂದು ಹೂತ ವಿದೇಶಾಂಗ ಇಲಾಖೆಯ ಯುವಕ, ಕದ್ದು ತಂದ ಶವ, ಮೇಜಿನ ಮೇಲೆ ನೋಡಿದರೆ ಕತ್ತಿನ ಬುಡದಲ್ಲಿ ಇರಿದ ಗಾಯ. ಕೊಲೆ ಎಂದು ಗೊತ್ತು, ಗೊತ್ತಾದದ್ದು ಹೇಗೆಂದು ಹೇಳುವಂತಿಲ್ಲ. ಸರಣಿಯಲ್ಲೇ ಅತಿ ಜಾಣ ಆರಂಭ ಇದು.

ವಿಧಿವಿಜ್ಞಾನದ ಮಿತಿಯನ್ನು ಲೇಖಕಿ ನಿಯತ್ತಾಗಿ ಪಾಲಿಸುತ್ತಾರೆ. ಬೆರಳಚ್ಚು ಇಲ್ಲ, ರಕ್ತದ ಗುಂಪು ಇಲ್ಲ. ಆರ್ಸೆನಿಕ್ ಪತ್ತೆಹಚ್ಚುವ ಮಾರ್ಷ್ ಪರೀಕ್ಷೆ 1836ರದು, ಹಾಗಾಗಿ 1812ರಲ್ಲಿ ವಿಷದ ಅನುಮಾನ ಅನುಮಾನವಾಗಿಯೇ ಉಳಿಯುತ್ತದೆ. ಉಳಿಯುವುದು ಗಾಯದ ಆಕಾರ, ಶವ ಸೆಟೆದ ಪ್ರಮಾಣ, ಶವವನ್ನು ಆಮೇಲೆ ಸರಿಸಿದ್ದಾರೆಯೇ ಎಂದು ಹೇಳುವ ರಕ್ತದ ಕಲೆ, ಬಟ್ಟೆ, ಕೆಸರು. ಬಂದೂಕಿನ ವಿಷಯದಲ್ಲೂ ಅಷ್ಟೇ. ಫ್ಲಿಂಟ್‌ಲಾಕ್ ಪಿಸ್ತೂಲಿಗೆ ನಳಿಗೆಗೊಂದೇ ಗುಂಡು, ಮಳೆಗೆ ಮದ್ದು ನೆನೆದರೆ ಅದೂ ಇಲ್ಲ, ಮತ್ತೆ ತುಂಬುವಷ್ಟರಲ್ಲಿ ಎದುರಿನವನು ಮೈಮೇಲೆ ಬಿದ್ದಿರುತ್ತಾನೆ. ಆದ್ದರಿಂದಲೇ ಈ ಪುಸ್ತಕಗಳ ಹೊಡೆದಾಟಗಳು ಒಂದು ಢಂ ಆದಮೇಲೆ ಬೂಟಿನೊಳಗಿನ ಚಾಕುವಿಗೆ ಬಂದು ನಿಲ್ಲುತ್ತವೆ.

ಇನ್ನು ಲಾರ್ಡ್ ಜಾರ್ವಿಸ್. ರಾಜನ ಬದಲಿಗೆ ಆಳುತ್ತಿದ್ದ ರೀಜೆಂಟ್ ರಾಜಕುಮಾರನ ದೂರದ ಸಂಬಂಧಿ, ಯಾವ ಮಂತ್ರಿಗಿರಿಯೂ ಇಲ್ಲದೆ ಇಡೀ ಸರ್ಕಾರವನ್ನು ಬೆರಳ ತುದಿಯಲ್ಲಿ ಆಡಿಸುವವನು. ಸ್ವಂತಕ್ಕೆ ಏನನ್ನೂ ಕದಿಯುವುದಿಲ್ಲ, ಸಿಂಹಾಸನಕ್ಕಾಗಿ ಯಾರನ್ನು ಬೇಕಾದರೂ ಕೊಲ್ಲಿಸುತ್ತಾನೆ. ಪ್ರತಿ ಪುಸ್ತಕದಲ್ಲೂ ಓದುಗನಿಗೆ ಅವನ ಮೇಲೆ ಅನುಮಾನ ಬರುತ್ತದೆ, ಪ್ರತಿ ಪುಸ್ತಕದಲ್ಲೂ ಅವನು ಏನನ್ನೋ ಬಚ್ಚಿಟ್ಟಿರುತ್ತಾನೆ, ಅದು ಬಹಳ ಸಲ ಕೊಲೆಗೆ ಸಂಬಂಧಿಸಿದ್ದೇ ಆಗಿರುವುದಿಲ್ಲ. ಅವನ ಮಗಳು ಹೀರೋ ಜಾರ್ವಿಸ್ ಮೊದಲ ಪುಸ್ತಕದಲ್ಲೇ ಮುಖ ತೋರಿಸಿದರೂ ನಿಜವಾಗಿ ಒಳಬರುವುದು ನಾಲ್ಕನೆಯದರಲ್ಲಿ, ‘ವೇರ್ ಸರ್ಪೆಂಟ್ಸ್ ಸ್ಲೀಪ್’. ಎತ್ತರದ ನಿಲುವು, ಒರಟು ತರ್ಕ, ಬಡವರ ಕೆಲಸದ ಬದುಕಿನ ಬಗ್ಗೆ ಸಂದರ್ಶನ ಮಾಡಿ ಲೇಖನ ಬರೆಯುವ ಹಟ. ಅವಳು ಬಂದ ಮೇಲೆ ತನಿಖೆ ಎರಡು ದಾರಿಯಲ್ಲಿ ಸಾಗುತ್ತದೆ: ಅವನು ಕ್ಲಬ್ಬು, ಹೆಂಡದಂಗಡಿ, ಬಂದರು, ಅವಳು ಅಡುಗೆಮನೆ, ಅನಾಥಾಲಯ, ಬೀದಿ ಗುಡಿಸುವವರು. ಮೊದಲ ಮೂರು ಪುಸ್ತಕ ಓದಿ ‘ಪರವಾಗಿಲ್ಲ’ ಎನಿಸಿದವರು ನಾಲ್ಕನೆಯದನ್ನು ಓದದೆ ಬಿಡಬಾರದು. ಸರಣಿಗೆ ಉಸಿರು ಬರುವುದು ಅಲ್ಲಿ. ಹಿನ್ನೆಲೆಯಲ್ಲಿ 1812ರ ಮೇ 11ರಂದು ಪ್ರಧಾನಿ ಸ್ಪೆನ್ಸರ್ ಪರ್ಸಿವಲ್ ಹೌಸ್ ಆಫ್ ಕಾಮನ್ಸ್‌ನ ಮೊಗಸಾಲೆಯಲ್ಲಿ ಗುಂಡಿಗೆ ಬಲಿಯಾದ ಘಟನೆ ಇದೆ.

ಇತಿಹಾಸವನ್ನು ಕಥೆಗೆ ಹೆಣೆಯುವುದರಲ್ಲಿ ಎಂಟನೆಯ ಪುಸ್ತಕ ‘ವಾಟ್ ಡಾರ್ಕ್‌ನೆಸ್ ಬ್ರಿಂಗ್ಸ್’ ಮೇಲ್ಪಂಕ್ತಿ. ಫ್ರಾನ್ಸಿನ ರಾಜರ ನೀಲಿ ವಜ್ರ 1792ರ ಸೆಪ್ಟೆಂಬರ್‌ನಲ್ಲಿ, ಕ್ರಾಂತಿಯ ಗದ್ದಲದಲ್ಲಿ, ಪ್ಯಾರಿಸ್‌ನಲ್ಲಿ ಕಳುವಾಯಿತು. ಸರಿಯಾಗಿ ಇಪ್ಪತ್ತು ವರ್ಷ ಕಳೆದು, ಆ ಕಳ್ಳತನದ ಮೇಲೆ ಕ್ರಮ ಕೈಗೊಳ್ಳುವ ಕಾನೂನಿನ ಗಡುವು ಮುಗಿದ ಎರಡೇ ದಿನಕ್ಕೆ, ಲಂಡನ್ನಿನ ಆಭರಣ ವ್ಯಾಪಾರಿಯೊಬ್ಬ ಡೇನಿಯಲ್ ಎಲಿಯಾಸನ್ ಎಂಬವನ ಬಳಿ ದೊಡ್ಡ ನೀಲಿ ವಜ್ರವೊಂದಿದೆ ಎಂದು ಟಿಪ್ಪಣಿ ಬರೆದಿಟ್ಟ. ಇಂದು ಹೋಪ್ ವಜ್ರ ಎಂದು ಕರೆಯುವುದು ಅದನ್ನೇ. ಮೂಲದಲ್ಲಿ ಅದು ಗೋಲ್ಕೊಂಡದ ಕಡೆಯ ಕಲ್ಲು. ಕಾದಂಬರಿಯಲ್ಲಿ ಕೊಲೆಯಾಗುವ ವ್ಯಾಪಾರಿ ಡೇನಿಯಲ್ ಐಸ್ಲರ್. ಹೆಸರಿನ ನೆರಳು ಎಲ್ಲಿಂದ ಬಿತ್ತು ಎಂಬುದು ಸ್ಪಷ್ಟ. ಕಥೆ ನಡೆಯುವುದು 1812ರ ಸೆಪ್ಟೆಂಬರ್. ಆ ಇಪ್ಪತ್ತು ವರ್ಷದ ಗಡುವೇ ಕೊಲೆಯ ಕಾರಣಗಳಿಗೆ ಬೇಕಾದ ಒತ್ತಡ ಒದಗಿಸುತ್ತದೆ. ದಿನಾಂಕವೊಂದರಿಂದ ಇಷ್ಟು ಕೆಲಸ ತೆಗೆದ ಪತ್ತೇದಾರಿ ಕಾದಂಬರಿ ಅಪರೂಪ.

ಹತ್ತನೆಯದು ‘ಹೂ ಬರೀಸ್ ದ ಡೆಡ್’, 1813ರ ವಸಂತ. ವಿಂಡ್ಸರ್‌ನಲ್ಲಿ, ತಲೆ ಕಡಿಸಿಕೊಂಡು ಸತ್ತ ದೊರೆ ಮೊದಲನೆಯ ಚಾರ್ಲ್ಸ್‌ನ ಶವಪೆಟ್ಟಿಗೆ ಸಿಕ್ಕಿ, ಏಪ್ರಿಲ್ 1ರಂದು ರೀಜೆಂಟ್‌ನ ಎದುರಿಗೇ ತೆರೆದ ನಿಜ ಘಟನೆಯನ್ನು ತಲೆ ಕಡಿದ ಶವದ ಪ್ರಕರಣಕ್ಕೆ ಜೋಡಿಸಿದ್ದಾರೆ. ಜೇನ್ ಆಸ್ಟಿನ್ ಕೂಡ ಒಂದು ಪಾತ್ರವಾಗಿ ಬರುತ್ತಾಳೆ, ಪುಣ್ಯಕ್ಕೆ ಹೆಚ್ಚು ಮಾತಾಡಿಸಿಲ್ಲ. ಹದಿಮೂರನೆಯದರಲ್ಲಿ 1814ರ ಚಳಿಗಾಲ, ಥೇಮ್ಸ್ ಹೆಪ್ಪುಗಟ್ಟಿ ಅದರ ಮೇಲೆ ಜಾತ್ರೆ ನೆರೆದ ಕೊನೆಯ ವರ್ಷ. ಹದಿನಾರನೆಯದು 1811ರ ಡಿಸೆಂಬರ್‌ನ ರ್‍ಯಾಟ್‌ಕ್ಲಿಫ್ ಹೈವೇ ಕೊಲೆಗಳಿಗೆ ಮರಳುತ್ತದೆ. ಎರಡು ಮನೆಗಳಲ್ಲಿ ಏಳು ಜನ ಸತ್ತಿದ್ದರು. ಆರೋಪಿ ಜಾನ್ ವಿಲಿಯಮ್ಸ್ ವಿಚಾರಣೆಗೆ ಮುಂಚೆಯೇ ಜೈಲಿನಲ್ಲಿ ನೇಣಿನಲ್ಲಿ ಸಿಕ್ಕಿದ. ಶವವನ್ನು ಬೀದಿಯಲ್ಲಿ ಮೆರವಣಿಗೆ ಮಾಡಿ, ಎದೆಗೆ ಗೂಟ ಹೊಡೆದು ನಾಲ್ಕುದಾರಿ ಕೂಡುವಲ್ಲಿ ಹೂತರು. ‘ಅವನೇ ಕೊಂದನೇ’ ಎಂದು ಇತಿಹಾಸಕಾರರು ಇಂದಿಗೂ ಕೇಳುವ ಪ್ರಶ್ನೆಯನ್ನೇ ಕಾದಂಬರಿಯೂ ಕೇಳುತ್ತದೆ. ಹದಿನೇಳನೆಯದು ಪ್ಯಾರಿಸ್‌ನಲ್ಲಿ, 1815ರ ಮಾರ್ಚ್. ನೆಪೋಲಿಯನ್ ಎಲ್ಬಾ ದ್ವೀಪದಿಂದ ತಪ್ಪಿಸಿಕೊಂಡು ಮಾರ್ಚ್ 20ಕ್ಕೆ ನಗರ ಸೇರುವುದು ಓದುಗನಿಗೆ ಗೊತ್ತು, ಪಾತ್ರಗಳಿಗೆ ಗೊತ್ತಿಲ್ಲ. ಇಪ್ಪತ್ತನೆಯದು ತಂಬೋರಾ ಜ್ವಾಲಾಮುಖಿಯಿಂದಾಗಿ ಬೇಸಿಗೆಯೇ ಬಾರದ 1816.

ಎಚ್ಚರಿಕೆ ಬೇಕಾದದ್ದು ಹನ್ನೆರಡನೆಯದಕ್ಕೆ, ‘ವೇರ್ ದ ಡೆಡ್ ಲೈ’. ಬೀದಿ ಮಕ್ಕಳ ಮೇಲಿನ ಚಿತ್ರಹಿಂಸೆ ವಿಷಯ. ಲೇಖಕಿ ಕ್ರೌರ್ಯವನ್ನು ಚಪ್ಪರಿಸುವುದಿಲ್ಲ, ಆದರೂ ಮಕ್ಕಳಿರುವವರಿಗೆ ನುಂಗುವುದು ಕಷ್ಟ. ಇದನ್ನು ಬಿಟ್ಟರೆ ಹದಿನಾಲ್ಕನೆಯದು ಸರಿಯಾಗಿ ಹತ್ತುವುದಿಲ್ಲ, ಅಲ್ಲಿ ಕೊಲೆಯಾಗುವವನು ಇಲ್ಲಿಂದ ಬಂದವನು. ಮೊದಲ ಪುಸ್ತಕದಲ್ಲೂ ಲೈಂಗಿಕ ಹಿಂಸೆಯ ಉಲ್ಲೇಖವಿದೆ, ಮೂರನೆಯದರಲ್ಲಿ ಶವಗಳ ಸ್ಥಿತಿ ಹೊಟ್ಟೆ ತೊಳಸುವಂಥದ್ದು. ಹದಿಹರೆಯದವರ ಕೈಗೆ ಕೊಡುವ ಸರಣಿ ಇದಲ್ಲ.

ದೋಷಗಳೂ ಇವೆ. ಎಲ್ಲಕ್ಕಿಂತ ದೊಡ್ಡದು, ಎಲ್ಲ ಕಥೆಗಳೂ ಒಂದೇ ಅಚ್ಚಿನವು. ನಾಲ್ಕೈದು ಪುಸ್ತಕ ಒಟ್ಟಿಗೆ ಓದಿದರೆ ಎದ್ದು ಕಾಣುತ್ತದೆ: ಶವ, ಲವ್‌ಜಾಯ್‌ನ ಕರೆ, ಗಿಬ್ಸನ್‌ನ ಕೊಟ್ಟಿಗೆ, ಮೊದಲ ಸುತ್ತಿನ ಭೇಟಿ, ಎಲ್ಲರೂ ಸುಳ್ಳು, ರಾತ್ರಿ ಮಂಜಿನಲ್ಲಿ ದಾಳಿ, ಎರಡನೆಯ ಸುತ್ತಿನ ಭೇಟಿ, ಅರ್ಧ ನಿಜ, ಸಾಕ್ಷಿಯೊಬ್ಬನ ಹೆಣ, ಮೂರನೆಯ ಸುತ್ತು. ತನಿಖೆಯ ಬಹುಭಾಗ ‘ನೀವು ಮೊನ್ನೆ ಹೇಳಿದ್ದು ಸುಳ್ಳು’ ಎಂಬ ಮಾತುಕತೆಯಿಂದಲೇ ಮುಂದೆ ಸಾಗುತ್ತದೆ. ಸುಳಿವುಗಳನ್ನು ಓದುಗನ ಮುಂದಿಟ್ಟು ‘ಕಂಡುಹಿಡಿ ನೋಡೋಣ’ ಎನ್ನುವ ಒಗಟಿನ ಮಾದರಿ ಬಯಸುವವರಿಗೆ ಇಲ್ಲಿ ನಿರಾಸೆ. ಕೊಲೆಗಾರ ಕೆಲವು ಸಲ ಕೊನೆಯ ಮೂವತ್ತು ಪುಟದಲ್ಲಿ ಪಟ್ಟಿಯಲ್ಲಿ ಉಳಿದವನು ಎಂಬ ಕಾರಣಕ್ಕೇ ಸಿಗುತ್ತಾನೆ. ಜೊತೆಗೆ ನಾಯಕನಿಗೆ ಕತ್ತಲಲ್ಲಿ ಕಾಣುವ ಹಳದಿ ಕಣ್ಣು, ಗೋಡೆಯಾಚೆಯ ಪಿಸುಮಾತು ಕೇಳುವ ಕಿವಿ. ಇದಕ್ಕೂ ಅವನ ಹುಟ್ಟಿನ ಗುಟ್ಟಿಗೂ ನಂಟಿದೆ ನಿಜ, ಆದರೆ ಲೇಖಕಿಗೆ ಬೇಕಾದಾಗ ಬೇಕಾದಷ್ಟು ಕೆಲಸ ಮಾಡುವ ಕಿವಿ ಅದು. ಕಾಲದ ಸಾಂದ್ರತೆಯೂ ನಗು ತರಿಸುತ್ತದೆ. ನಾಲ್ಕರಿಂದ ಎಂಟರವರೆಗಿನ ಐದು ಪ್ರಕರಣಗಳು 1812ರ ಮೇ ಮತ್ತು ಸೆಪ್ಟೆಂಬರ್ ನಡುವೆ ಮುಗಿದುಹೋಗುತ್ತವೆ. ಹಿಂದಿನ ಗಾಯಕ್ಕೆ ಹಾಕಿದ ಹೊಲಿಗೆ ಬಿಚ್ಚುವ ಮೊದಲೇ ಅವನಿಗೆ ಮುಂದಿನ ಇರಿತ ಬೀಳುತ್ತದೆ. ನಾಯಕ ನಾಯಕಿಯರ ವಿಚಾರಗಳು 1812ಕ್ಕಿಂತ 2012ಕ್ಕೆ ಹತ್ತಿರ ಎಂಬ ಆಕ್ಷೇಪವೂ ನ್ಯಾಯವೇ. ಹೆಂಡನ್ ಅರ್ಲ್‌ನನ್ನು ಹಣಕಾಸು ಮಂತ್ರಿ ಮಾಡಿರುವುದು ಕಲ್ಪನೆ. ಪರ್ಸಿವಲ್ ಸಾಯುವವರೆಗೆ ಆ ಖಾತೆ ಅವರಲ್ಲೇ ಇತ್ತು. ಇಂಥ ಸ್ವಾತಂತ್ರ್ಯಗಳ ಲೆಕ್ಕವನ್ನು ಪುಸ್ತಕದ ಕೊನೆಯ ಲೇಖಕಿಯ ಟಿಪ್ಪಣಿಯಲ್ಲಿ ನೋಡಬಹುದು. ಟಿಪ್ಪಣಿಯನ್ನು ಕೊನೆಗೇ ಓದಿ, ಅದರಲ್ಲಿ ಗುಟ್ಟುಗಳಿರುತ್ತವೆ.

ಕೊಳ್ಳುವಾಗ ಆಗುವ ಗೊಂದಲ ಶೀರ್ಷಿಕೆಗಳದು. ಇಪ್ಪತ್ತೂ ವಾಟ್, ವೆನ್, ವೈ, ವೇರ್, ಹೂ ಎಂಬ ಪ್ರಶ್ನಾಪದಗಳಿಂದ ಶುರು, ಹೆಸರು ನೋಡಿ ಕ್ರಮ ಹೇಳಲಾಗದು. ಮೊದಲ ಒಂಬತ್ತನ್ನು ಬರೆದಿಟ್ಟುಕೊಳ್ಳಿ: ವಾಟ್ ಏಂಜಲ್ಸ್ ಫಿಯರ್, ವೆನ್ ಗಾಡ್ಸ್ ಡೈ, ವೈ ಮರ್ಮೇಡ್ಸ್ ಸಿಂಗ್, ವೇರ್ ಸರ್ಪೆಂಟ್ಸ್ ಸ್ಲೀಪ್, ವಾಟ್ ರಿಮೇನ್ಸ್ ಆಫ್ ಹೆವನ್, ವೇರ್ ಶ್ಯಾಡೋಸ್ ಡಾನ್ಸ್, ವೆನ್ ಮೇಡನ್ಸ್ ಮೋರ್ನ್, ವಾಟ್ ಡಾರ್ಕ್‌ನೆಸ್ ಬ್ರಿಂಗ್ಸ್, ವೈ ಕಿಂಗ್ಸ್ ಕನ್ಫೆಸ್. ಈ ಒಂಬತ್ತನ್ನು ಕ್ರಮ ತಪ್ಪದೆ ಓದಲೇಬೇಕು. ಆಮೇಲೆ ಹದಿನೈದು, ಹತ್ತೊಂಬತ್ತನ್ನು ಬದಿಗಿಟ್ಟರೂ ಮುಖ್ಯ ಕಥೆಗೆ ಹೆಚ್ಚು ನಷ್ಟವಿಲ್ಲ, ಹದಿನೇಳನ್ನು ಮಾತ್ರ ಬಿಡುವಂತಿಲ್ಲ. ಏಳನೆಯದರಿಂದ ಮುಂದಿನ ಯಾವ ಪುಸ್ತಕದ ಬೆನ್ನುಪುಟವನ್ನೂ ಮುಂಚೆಯೇ ಓದಬೇಡಿ. ಯಾರ ಮದುವೆ ಯಾರೊಂದಿಗಾಯಿತು ಎಂಬುದನ್ನು ಅಲ್ಲಿ ಮೊದಲ ಸಾಲಿನಲ್ಲೇ ಒದರಿರುತ್ತಾರೆ.

ಒಂದೊಂದು ಪುಸ್ತಕ 350 ಪುಟದ ಆಸುಪಾಸು, ಐವತ್ತಕ್ಕೂ ಹೆಚ್ಚು ಚಿಕ್ಕ ಅಧ್ಯಾಯಗಳು. ಇಂಗ್ಲಿಷ್ ಕಷ್ಟವಿಲ್ಲ, ತೊಡಕಾಗುವುದು ಬಿರುದುಗಳು. ಒಬ್ಬನೇ ಮನುಷ್ಯನನ್ನು ಒಬ್ಬರು ಸೆಬಾಸ್ಟಿಯನ್, ಇನ್ನೊಬ್ಬರು ಸೇಂಟ್ ಸಿರ್, ಮತ್ತೊಬ್ಬರು ಡೆವ್ಲಿನ್ ಎನ್ನುತ್ತಾರೆ, ಆಳುಕಾಳು ‘ಮೈ ಲಾರ್ಡ್’ ಎನ್ನುತ್ತಾರೆ. ತಂದೆಯ ಹೆಸರು ಅಲಿಸ್ಟೇರ್ ಸೇಂಟ್ ಸಿರ್, ಕರೆಯುವುದು ಹೆಂಡನ್. ಸೋದರಿ ಅಮಾಂಡ ಮದುವೆಯಿಂದಾಗಿ ಲೇಡಿ ವಿಲ್‌ಕಾಕ್ಸ್, ಅತ್ತೆ ಹೆನ್ರಿಯೆಟಾ ಕ್ಲೇಬೋರ್ನ್‌ನ ಡಚೆಸ್. ಪೀರ್‌ಗಳಲ್ಲಿ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಾದ ಬ್ಯಾರನ್‌ನ ಮಗಳು ಹೀರೋ ಬರೀ ಮಿಸ್ ಜಾರ್ವಿಸ್. ಲೇಡಿ ಎಂಬುದನ್ನು ಸ್ವಂತ ಹೆಸರಿನ ಮುಂದೆ ಹಾಕಿಕೊಳ್ಳುವ ಹಕ್ಕು ಅರ್ಲ್ ಮತ್ತು ಅದಕ್ಕೂ ಮೇಲಿನವರ ಹೆಣ್ಣುಮಕ್ಕಳಿಗೆ. ಈ ನಾಲ್ಕು ಕೊಂಡಿ ಹಿಡಿದರೆ ಉಳಿದದ್ದು ತಾನಾಗಿ ಬರುತ್ತದೆ. ಟೈಗರ್ ಎಂದು ಕಂಡಲ್ಲಿ ಹುಲಿಯನ್ನು ಹುಡುಕಬೇಡಿ, ಗಾಡಿಯ ಹಿಂದೆ ನಿಲ್ಲುವ ಕುದುರೆ ಹುಡುಗ ಅವನು. ಸೆಬಾಸ್ಟಿಯನ್‌ನ ಟೈಗರ್ ಟಾಮ್ ಜೇಬು ಕತ್ತರಿಸಲು ಬಂದು ಕೆಲಸಕ್ಕೆ ಸೇರಿದವನು. ಹಣದ ಲೆಕ್ಕ: ಹನ್ನೆರಡು ಪೆನ್ಸಿಗೆ ಒಂದು ಶಿಲಿಂಗ್, ಇಪ್ಪತ್ತು ಶಿಲಿಂಗಿಗೆ ಒಂದು ಪೌಂಡ್, ಇಪ್ಪತ್ತೊಂದಕ್ಕೆ ಒಂದು ಗಿನಿ.

ಒಂದು ನಕ್ಷೆ ಪಕ್ಕದಲ್ಲಿದ್ದರೆ ಓದಿನ ರುಚಿಯೇ ಬೇರೆ. ರಿಚರ್ಡ್ ಹಾರ್ವುಡ್ 1792 ಮತ್ತು 1799ರ ನಡುವೆ 32 ಹಾಳೆಗಳಲ್ಲಿ ಮಾಡಿದ ಲಂಡನ್ ನಕ್ಷೆ ಮನೆಮನೆಯನ್ನೂ ತೋರಿಸುತ್ತದೆ, ಅದರ ಪರಿಷ್ಕೃತ ಆವೃತ್ತಿ 1813ರಲ್ಲೂ ಬಂತು. ಅಂತರ್ಜಾಲದಲ್ಲಿ ಉಚಿತವಾಗಿ ನೋಡಬಹುದು. ಬ್ರೂಕ್ ಸ್ಟ್ರೀಟ್‌ನ ಸೆಬಾಸ್ಟಿಯನ್ ಮನೆಯಿಂದ ಗಿಬ್ಸನ್‌ನ ಟವರ್ ಹಿಲ್‌ಗೆ ಸುಮಾರು ಐದು ಕಿಲೋಮೀಟರ್, ಪಶ್ಚಿಮದ ಸಿರಿವಂತಿಕೆಯಿಂದ ಪೂರ್ವದ ಬಡತನಕ್ಕೆ ಇಡೀ ನಗರವನ್ನು ಅಡ್ಡಹಾಯುವ ದಾರಿ. ಅದರ ಕೊನೆಯ ಭಾಗದಲ್ಲಿ ಲೆಡನ್‌ಹಾಲ್ ಸ್ಟ್ರೀಟ್ ಸಿಗುತ್ತದೆ. ಅಲ್ಲಿದ್ದ ಈಸ್ಟ್ ಇಂಡಿಯಾ ಹೌಸ್‌ನಲ್ಲಿ 1808ರಿಂದ ಶ್ರೀರಂಗಪಟ್ಟಣದ ಲೂಟಿಯಾದ ಟಿಪ್ಪುವಿನ ಯಂತ್ರದ ಹುಲಿಯನ್ನು ಪ್ರದರ್ಶನಕ್ಕಿಟ್ಟಿದ್ದರು. ಪುಸ್ತಕಗಳಲ್ಲಿ ಎಲ್ಲರ ಬಾಯಲ್ಲೂ ಇರುವ ವೆಲಿಂಗ್ಟನ್ ಅದೇ ಶ್ರೀರಂಗಪಟ್ಟಣ 1799ರಲ್ಲಿ ಬಿದ್ದ ಮೇಲೆ ಅಲ್ಲಿ ಅಧಿಕಾರ ನಡೆಸಿದ ಆರ್ಥರ್ ವೆಲ್ಲೆಸ್ಲಿ.

ಕೇಳುವವರಿಗೆ ಆಡಿಯೋ ಪುಸ್ತಕಗಳೂ ಇವೆ, ಬಹುಪಾಲು ಓದಿದವರು ಡವೀನಾ ಪೋರ್ಟರ್. ಟಾಮ್‌ನ ಬೀದಿಮಾತು ಅಚ್ಚಿನಲ್ಲಿ ಕಣ್ಣಿಗೆ ತೊಡರುತ್ತದೆ, ಕಿವಿಗೆ ಸಲೀಸು. ಇಪ್ಪತ್ತಕ್ಕೂ ದುಡ್ಡು ಹಾಕುವ ಮುನ್ನ ಮೊದಲ ಮತ್ತು ನಾಲ್ಕನೆಯದನ್ನು ಮಾತ್ರ ಕೊಂಡು, ನಡುವಿನ ಎರಡನ್ನು ಲೈಬ್ರರಿಯಿಂದ ತಂದು ಓದಿ. ನಾಲ್ಕು ಮುಗಿದಾಗ ಹೀರೋ ಜಾರ್ವಿಸ್ ಹಿಡಿಸದಿದ್ದರೆ ಅಲ್ಲಿಗೇ ನಿಲ್ಲಿಸಬಹುದು. ಹಿಡಿಸಿದರೆ ಐದನೆಯದನ್ನು ಕೈಯಲ್ಲಿಟ್ಟುಕೊಂಡೇ ನಾಲ್ಕನೆಯದನ್ನು ಮುಗಿಸಿ.